ನಾಡಿ ಇಳಿಯುವವರೆಗೆ

ಗಲ್ಫ್ ಬಿಟ್ಟು ಊರಿಗೆ ಬಂದ ನನ್ನ ಗಂಡನಿಗೆ ಸೈಕಲ್ಲಿನ ಹುಚ್ಚು ಹಿಡಿಯಿತು. ಸೈಕಲ್ ಒಂದೇ ಆಗಿದ್ದರೆ ಸಹಿಸಿಕೊಳ್ಳುತ್ತಿದ್ದೆ. ಅದರ ಬೆನ್ನಿಗೆ ನಾಡಿಬಡಿತ ಎಣಿಸುವ ಕೈಗಡಿಯಾರವೂ ಬಂತು. ಕುಂಜತ್ತೂರಿನಿಂದ ದೇಲಂಪಾಡಿಯ ಏರುಗಳವರೆಗೆ ತುಳಿದು ಬಂದ ಮರುದಿನ, ಹಾಸಿಗೆಯಿಂದ ಏಳುವ ಮೊದಲೇ ಬಡಿತ ನೋಡಬೇಕಂತೆ. ಎಂದಿನಷ್ಟೇ ಇದ್ದರೆ ದೇಹ ಸುಧಾರಿಸಿದೆ ಎಂದರ್ಥ. ಏರಿದ್ದರೆ ದಣಿವು ಆರಿಲ್ಲ, ಅಂದು ವಿಶ್ರಾಂತಿ.

ನೋಡಿ ಮುಗಿಯುವವರೆಗೆ ಅವರು ಮಾತಾಡುವಂತಿಲ್ಲ, ನಾವು ಸದ್ದು ಮಾಡುವಂತಿಲ್ಲ. ಮಿಕ್ಸಿ ತಿರುಗಿದರೆ ಬಡಿತ ಏರುತ್ತದಂತೆ. ಮಗನ ಮುಂಜಾನೆಯ ಮೌನ ಕಂಡ ಅತ್ತೆ, ಅವರು ಶಬರಿಮಲೆಗೆ ವ್ರತ ಹಿಡಿದಿದ್ದಾರೆಂದು ನೆರೆಯವರಿಗೆಲ್ಲ ಹೇಳಿ, ಮನೆಗೆ ಮೀನು ತರುವುದನ್ನೇ ನಿಲ್ಲಿಸಿದರು. ನಡುವೆ ನನ್ನ ಬಾಯಿಗೆ ಮಣ್ಣು ಬಿತ್ತು.

ಬಡಿತ ಏರಿದ ದಿನ ಅವರು ಉಂಡ ತಟ್ಟೆಯನ್ನೂ ಎತ್ತುವುದಿಲ್ಲ. ನಾನೋ ದೋಸೆ ಹೊಯ್ದು, ಅತ್ತೆಗೆ ಮದ್ದು ಕೊಟ್ಟು, ಶಾಲೆಯಲ್ಲಿ ಪಾಠ ಮಾಡಲು ಬಸ್ಸಿಗೆ ಓಡಬೇಕು. ನನಗೆ ಬೇಕಿದ್ದದ್ದು ಕಣ್ತುಂಬ ಒಂದು ನಿದ್ದೆ. ಕೇಳಿದರೆ ಯಾರು ಕೊಡುತ್ತಾರೆ?

ಒಂದು ಶುಕ್ರವಾರ ಬೆಳಿಗ್ಗೆ, ಗಡಿಯಾರ ಕೆಟ್ಟಿದೆಯೇ ಎಂದು ನೋಡಲು ಅದನ್ನು ಮಲಗಿದ್ದ ನನ್ನ ಕೈಗೆ ಕಟ್ಟಿದರು. ನೋಡಿದವರೇ ಬೆಚ್ಚಿಬಿದ್ದರು.

“ಎಂತ ಮಾರಾಯ್ತಿ, ತೊಂಬತ್ತು ಉಂಟಲ್ಲ! ನನಗೆ ಇಷ್ಟು ಬಂದರೆ ಸೈಕಲ್ ಮುಟ್ಟುವುದೇ ಇಲ್ಲ.”

“ಹಾಗಾದರೆ ನಾನು ದೋಸೆಕಾವಲಿ ಮುಟ್ಟುವುದಿಲ್ಲ. ಇಳಿಯುವವರೆಗೆ ರೆಸ್ಟ್ ಅಂತ ನಿಮ್ಮದೇ ಕಾನೂನು ಅಲ್ವಾ?” ಎಂದು ಹೊದಿಕೆ ಎಳೆದುಕೊಂಡೆ.

ಅವರವರ ಬಡಿತವನ್ನು ಅವರವರ ಎಂದಿನ ಬಡಿತಕ್ಕೆ ಹೋಲಿಸಬೇಕೇ ಹೊರತು ಹೆಂಡತಿಯದನ್ನು ಗಂಡನದಕ್ಕಲ್ಲ ಎಂಬುದು ಅವರಿಗೆ ಹೊಳೆಯಲಿಲ್ಲ. ನಾನೇಕೆ ಹೇಳಲಿ? ಮಾಡಿದ್ದುಣ್ಣೋ ಮಹರಾಯ. ಶಾಲೆಗೆ ರಜೆ ಹೇಳಿ ಮಲಗಿದೆ. ಗಡಿಯಾರ ನನ್ನ ಕೈಯಲ್ಲೇ ಉಳಿಯಿತು. ಅಡುಗೆಮನೆಯಲ್ಲಿ ದೋಸೆ ಕರಟಿದ ವಾಸನೆ, ಅತ್ತೆಯ ಗೊಣಗಾಟ. ಮಧ್ಯಾಹ್ನ ಎಚ್ಚರವಾದಾಗ ಅಳು ಬಂತು. ಇಷ್ಟು ದಣಿದಿದ್ದೇನೆಂದು ನನಗೇ ಗೊತ್ತಿರಲಿಲ್ಲ.

ಭಾನುವಾರ ಬೆಳಿಗ್ಗೆ ಅವರ ಸಂಗಡಿಗರು ಮುಳ್ಳೇರಿಯಕ್ಕೆ ಹೊರಟು, ನಮ್ಮ ಗೇಟಿನೆದುರು ಬೆಲ್ ಬಾರಿಸತೊಡಗಿದರು. ಇವರು ಸೈಕಲ್ ಚಡ್ಡಿ ಹಾಕಿಕೊಂಡು, ಕೈಯಲ್ಲಿ ಸಟ್ಟುಗ ಹಿಡಿದು, ನನ್ನ ಹಾಸಿಗೆಯ ಪಕ್ಕ ಬಂದು ನಿಂತರು.

“ಇಳಿಯಿತಾ?”

ಗಡಿಯಾರ ನೋಡಿದೆ. ಎಪ್ಪತ್ತು. ಕೈಯನ್ನು ಮೆಲ್ಲಗೆ ಹೊದಿಕೆಯೊಳಗೆ ಸೇರಿಸಿದೆ.

“ಎಲ್ಲಿ ಮಾರಾಯ್ರೆ, ಇನ್ನೂ ತೊಂಬತ್ತೇ ಉಂಟು,” ಎಂದೆ.