ಹುಣಸೆಹಣ್ಣಿಗೆ ಹೋದ ಹೆಸರು

ದ್ಯಾವಯ್ಯನಿಗೆ ಸರ್ಕಾರ ಇನ್ನೂ ಎರಡು ಎಕರೆ ಬಾಕಿ ಉಳಿಸಿಕೊಂಡಿದೆ. ಯುದ್ಧ ಮಾಡಿ ಬಂದವರಿಗೆ ಜಮೀನು ಕೊಡುತ್ತೇವೆ ಎಂದದ್ದು ಸರ್ಕಾರವೇ. ಅವನಾಗಿ ಕೇಳಿರಲಿಲ್ಲ. ಆಮೇಲೆ ಕೇಳತೊಡಗಿದ, ಕೇಳುತ್ತಲೇ ವಯಸ್ಸು ಎಪ್ಪತ್ತನಾಲ್ಕಾಯಿತು.

ಕುಂದೂರು ಪಕ್ಕದವನು. ಸಾವಿರದ ಒಂಬೈನೂರ ಎಪ್ಪತ್ತೊಂದರ ಡಿಸೆಂಬರಿನಲ್ಲಿ ಪ್ಯಾರಾಚೂಟ್ ಕಟ್ಟಿಕೊಂಡು ಆಗಿನ ಪೂರ್ವ ಪಾಕಿಸ್ತಾನದ ಟಾಂಗೈಲ್ ಬಳಿ ವಿಮಾನದಿಂದ ಹಾರಿದ. ಕೆರೆಯ ಕೆಸರಿಗೆ ಬಿದ್ದು ಸೊಂಟ ಉಳುಕಿತು. ಅದೇ ಸೊಂಟದಲ್ಲಿ ನಲವತ್ತು ವರ್ಷ ಎಸ್ಟೇಟಿನ ಏಣಿ ಹತ್ತಿ ಮೆಣಸು ಕೊಯ್ದ. ಪಿಂಚಣಿ ಸಿಗುವಷ್ಟು ಸೇವೆ ಆಗಿರಲಿಲ್ಲ. ಸೈನ್ಯ ಬಿಡುವಾಗ ಕೊಟ್ಟ ಡಿಸ್ಚಾರ್ಜ್ ಪುಸ್ತಕವನ್ನು ಎಸ್ಟೇಟಿನ ಕೂಲಿಯವರ ಲೈನ್ ಮನೆಯ ಗೆದ್ದಲು ತಿಂದಿತು. ನಕಲು ಕೇಳಿ ಬರೆದ ಕಾಗದಕ್ಕೆ ಎರಡು ವರ್ಷವಾದರೂ ಉತ್ತರವಿಲ್ಲ. ಅವನೀಗ ಕಾಫಿ ಹಾಕಿಕೊಂಡಿರುವ ಎರಡು ಎಕರೆ ಸರ್ಕಾರಿ ಜಾಗಕ್ಕೆ ಹಕ್ಕುಪತ್ರವಿಲ್ಲ. ಅದನ್ನೇ ಕೊಡಿ ಎಂದು ಹಾಕಿದ ಅರ್ಜಿ ಬಿದ್ದುಹೋದರೆ ಗಿಡ ಬಿಟ್ಟು ಏಳಬೇಕು.

ಟಾಂಗೈಲಿನಲ್ಲಿ ಇಳಿದ ಐವತ್ತನೇ ವರ್ಷಕ್ಕೆ ಹಳೆಯ ಸೈನಿಕರ ಸಂಘವೊಂದು ನೆನಪಿನ ಪದಕ ಮಾಡಿಸಿತು. ಮುಂದೆ ಪ್ಯಾರಾಚೂಟಿನ ಚಿತ್ರ, ಹಿಂದೆ ಕಪ್ಪು ಬಣ್ಣದಲ್ಲಿ ಅವನ ಹೆಸರು, ನಂಬರು. ಕುಂದೂರಿನ ಶಾಲೆಯ ಮುಂದೆ ಎರಡನ್ನೂ ಮೈಕಿನಲ್ಲಿ ಓದಿ ಪದಕವನ್ನು ಅವನ ಕೊರಳಿಗೆ ಹಾಕಿದರು. ಇನ್ನೂರು ಜನ ಚಪ್ಪಾಳೆ ತಟ್ಟಿದರು.

ಈ ದಸರಾ ಕಳೆದ ವಾರವೇ ಅರ್ಜಿ ವಿಚಾರಣೆಗೆ ಬಂತು. ಸೈನಿಕನಾಗಿದ್ದಕ್ಕೆ ಪುರಾವೆ ತರಬೇಕು. ಇದ್ದದ್ದು ಆ ಪದಕವೊಂದೇ.

ತಾಲ್ಲೂಕು ಕಚೇರಿಯ ಗುಮಾಸ್ತ ಅದನ್ನು ಹಿಂದೆ ಮುಂದೆ ತಿರುಗಿಸಿದ.

"ಹೆಸ್ರೆಲ್ಲೈತೆ ತಾತ?"

"ಹಿಂದ್ಗಡೆ ಐತೆ ನೋಡಪ್ಪ."

"ಹಿಂದ್ಗಡೆ ನನ್ ಮುಖ ಕಾಣ್ತೈತೆ. ಚೆನ್ನಾಗಿ ಬೆಳಗಿದೀರ."

ದ್ಯಾವಯ್ಯ ಹೆಂಡತಿ ಹುಲಿಯಮ್ಮನ ಕಡೆ ತಿರುಗಿದ. ಆಯುಧಪೂಜೆಗೆ ಕತ್ತಿ, ಗುದ್ದಲಿ, ದೀಪ ತೊಳೆಯುವಾಗ ಅವಳು ಪದಕವನ್ನೂ ಸೇರಿಸಿಕೊಂಡಿದ್ದಳು. ಹುಣಸೆಹಣ್ಣು, ಬೂದಿ, ತೆಂಗಿನ ನಾರು. ಕುಂಕುಮ ಬೇರೆ.

"ತಿಕ್ಬುಟ್ಯೇನೆ?"

"ಮಂಕಾಗಿತ್ತು. ದೇವ್ರ ಮುಂದೆ ಹಂಗೇ ಇಡಾಕಾಯ್ತದಾ?"

"ಪಾಕಿಸ್ತಾನ್ದೋರ್ ಕೈಲೂ ಆಗ್ಲಿಲ್ಲ ಕಣೇ ನನ್ ಹೆಸ್ರು ಅಳ್ಸಾಕೆ."

ಗುಮಾಸ್ತ ನಕ್ಕ. ಹುಲಿಯಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ದ್ಯಾವಯ್ಯ ಸೊಂಟ ಹಿಡಿದುಕೊಂಡು ಬೆಂಚಿನ ಮೇಲೆ ಕೂತ.

ಒಳಗಿದ್ದ ಸಾಹೇಬರು ಒಂದು ದಾರಿ ಬಿಟ್ಟರು: ಪದಕದ ಮೇಲಿನ ಹೆಸರು ಓದಿದ್ದನ್ನು ಕೇಳಿದ ಐದು ಜನ ಮುಂದಿನ ಮಂಗಳವಾರ ಬಂದು ಬರೆದುಕೊಡಲಿ. ಇಲ್ಲದಿದ್ದರೆ ಅರ್ಜಿ ವಜಾ.

ಗಂಡ ಹೆಂಡತಿ ಮೂರು ದಿನ ಮನೆ ಮನೆ ತಿರುಗಿದರು. ಹೋದಲ್ಲೆಲ್ಲ ಕೂರಿಸಿದರು, ಕಾಫಿ ಕೊಟ್ಟರು. ಆಮೇಲೆ, "ಮಂಗಳವಾರ ಕೆಲ್ಸ ಐತೆ ಮಾರಾಯ." "ಸರ್ಕಾರದ್ ಕಾಗ್ದಕ್ಕೆ ಸೈನ್ ಹಾಕಿ ನಾಳೆ ನಾನ್ ಅಲೀಬೇಕಾ?" ಒಪ್ಪಿದ್ದು ಒಬ್ಬನೇ, ಪದಕ ಕೊಟ್ಟ ದಿನ ಬಾಡಿಗೆ ಕುರ್ಚಿ ತಂದಿಳಿಸಿದ್ದ ಪಿಕಪ್ ಡ್ರೈವರ್ ಜಮೀರ್. "ಕುರ್ಚಿ ಇಳ್ಸ್ತಾ ಇದ್ದೆ ಕಣಜ್ಜ, ಆದ್ರೆ ಕಿವಿ ತೆರ್ದೇ ಇತ್ತು," ಎಂದ.

ಇನ್ನು ನಾಲ್ಕು ಜನ ಬೇಕು. ಅಂದು ಆ ಕುರ್ಚಿಗಳಲ್ಲಿ ಕೂತು ಲಾಡು ತಿಂದ ಇನ್ನೂರು ಜನ ನೀವೇ. ಹೆಸರು ಕೇಳಿದ ಮೇಲೆಯೇ ಚಪ್ಪಾಳೆ ತಟ್ಟಿದ್ದೀರಿ. ಮಂಗಳವಾರ ಬೆಳಿಗ್ಗೆ ಒಂಬತ್ತಕ್ಕೆ ಅದೇ ಶಾಲೆಯ ಮುಂದೆ ಜಮೀರ್ ಪಿಕಪ್ ನಿಲ್ಲಿಸಿರುತ್ತಾನೆ. ಆಧಾರ್ ಕಾರ್ಡ್ ಹಿಡಿದುಕೊಂಡು ಬಂದು ಹತ್ತಿ.