ಮೊದಲು ತಣ್ಣೀರು

ಆಸ್ಪತ್ರೆಯ ಲಾಂಡ್ರಿಯಲ್ಲಿ ಅವಳನ್ನು ಎಲ್ಲರೂ ದೊಡ್ಡಕ್ಕ ಎನ್ನುತ್ತಿದ್ದರು. ಅವಳಿಗಿಂತ ಹತ್ತು ವರ್ಷ ದೊಡ್ಡವನಾದ ಲಾರಿ ಡ್ರೈವರ್ ಕೂಡ ಹಾಗೇ ಕರೆಯುತ್ತಿದ್ದ. ಇಪ್ಪತ್ತಮೂರು ವರ್ಷದ ಸರ್ವಿಸು. ದಿನಕ್ಕೆ ಸಾವಿರದಷ್ಟು ಬೆಡ್‌ಶೀಟು, ದಿಂಬಿನ ಚೀಲ, ಆಪರೇಷನ್ ಕೋಣೆಯ ಹಸಿರು ಬಟ್ಟೆ ಅವಳ ಕಣ್ಣೆದುರು ಹಾದುಹೋಗುತ್ತಿದ್ದವು. ಬಟ್ಟೆಯನ್ನು ಎರಡು ಬೆರಳಲ್ಲಿ ಹಿಡಿದು ಉಜ್ಜಿದರೆ ಸಾಕು, ಇನ್ನೆಷ್ಟು ಒಗೆತಕ್ಕೆ ತಾಳೀತು ಎಂದು ಹೇಳಿಬಿಡುತ್ತಿದ್ದಳು. ಮಿಷನ್ನಿನ ಸದ್ದು ಒಂಚೂರು ಬದಲಾದರೂ ಸಾಕು, ಮೆಕ್ಯಾನಿಕ್ಕು ಬರುವ ಮೊದಲೇ ಬೆಲ್ಟು ಸಡಿಲವಾಗಿದೆ ಎಂದು ಅವಳಿಗೆ ಗೊತ್ತಾಗುತ್ತಿತ್ತು.

ಬಾರದೇ ಇದ್ದದ್ದು ಒಂದೇ. ಅವಳಿಗೆ ಓದಲು ಬರುತ್ತಿರಲಿಲ್ಲ.

ಇದು ಗೊತ್ತಿದ್ದದ್ದು ಅವಳ ಗಂಡನಿಗೆ ಮಾತ್ರ. ಅವನು ಬಡಗಿ. ಮದುವೆಯಾದ ಹೊಸತರಲ್ಲಿ ಒಂದು ಹಲಗೆಯ ಚೂರಿನ ಮೇಲೆ ಪೆನ್ಸಿಲಿನಿಂದ ಅವಳ ಹೆಸರು ಬರೆದುಕೊಟ್ಟಿದ್ದ. ರಂಗೋಲಿ ಕಲಿಯುವವರಂತೆ ಅದನ್ನು ತಿದ್ದಿ ತಿದ್ದಿ ಅವಳು ಸಹಿ ಕಲಿತಿದ್ದಳು. ಮಿಕ್ಕದ್ದಕ್ಕೆಲ್ಲ ಉಪಾಯಗಳಿದ್ದವು. ಯಾರಾದರೂ ಕಾಗದ ಮುಂದೆ ಹಿಡಿದರೆ, "ಅಯ್ಯೋ, ಕನ್ನಡಕ ಮನೇಲಿ ಬಿಟ್ಟು ಬಂದೆ, ನೀನೇ ಓದು ತಾಯಿ" ಎನ್ನುತ್ತಿದ್ದಳು. ವಾರ್ಡುಗಳನ್ನು ಚೀಲದ ಬಣ್ಣದಿಂದ, ದ್ರಾವಣದ ಕ್ಯಾನುಗಳನ್ನು ಮುಚ್ಚಳದ ಬಣ್ಣದಿಂದ ಗುರುತಿಸುತ್ತಿದ್ದಳು. ಒಮ್ಮೆ ವಿಭಾಗದ ಮುಖ್ಯಸ್ಥೆ ಆಗು ಎಂದು ಕರೆದಾಗ, ದಿನವಹಿ ವರದಿ ಬರೆಯಬೇಕಲ್ಲ ಎಂದು ಎದೆ ಧಸಕ್ಕೆಂದರೂ ನಗುನಗುತ್ತಲೇ "ಮೊಣಕಾಲು ನೋವು ಸಾರ್, ಓಡಾಡೋಕೆ ಆಗಲ್ಲ" ಎಂದಿದ್ದಳು. ದೊಡ್ಡಕ್ಕನಿಗೆ ಆಸೆಯೇ ಇಲ್ಲ ನೋಡಿ ಎಂದು ಜನ ಮೆಚ್ಚಿಕೊಂಡರು. ಆ ಮೆಚ್ಚುಗೆ ಅವಳಿಗೆ ಮುಳ್ಳಿನಂತೆ ಚುಚ್ಚುತ್ತಿತ್ತು.

ಹೀಗೆ ನಡೆದುಕೊಂಡು ಹೋಗುತ್ತಿದ್ದದ್ದು ಒಂದು ಸೋಮವಾರ ಕೈಕೊಟ್ಟಿತು.

ಮೂರನೇ ಮಿಷನ್ನು ನೋಡಿಕೊಳ್ಳುತ್ತಿದ್ದವಳು ಕೆಲಸಕ್ಕೆ ಸೇರಿ ವರ್ಷ ತುಂಬದ ಹುಡುಗಿ. ಸಣಕಲು ಮೈ, ಮಾತು ಮಾತ್ರ ಪಟಪಟ. ಅದಕ್ಕೇ ಅವಳಿಗೆ ಪಟಾಕಿ ಎಂದು ಹೆಸರು ಬಿದ್ದಿತ್ತು. ಬಟ್ಟೆ ಮೆದುವಾಗಿಸುವ ದ್ರಾವಣದ ತೊಟ್ಟಿ ಖಾಲಿಯಾಗಿತ್ತು. ಕ್ಯಾನು ಭಾರ. "ನೀನು ಹೋಗಿ ಊಟ ಮಾಡ್ಕೊಂಡು ಬಾ, ನಾನು ತುಂಬಿಸ್ತೀನಿ" ಎಂದು ದೊಡ್ಡಕ್ಕ ಅವಳನ್ನು ಕಳಿಸಿ, ನೀಲಿ ಮುಚ್ಚಳದ ಕ್ಯಾನು ಎತ್ತಿ ತೊಟ್ಟಿಗೆ ಸುರಿದಳು. ಸರಬರಾಜಿನವರು ಬದಲಾಗಿದ್ದರು. ಈಗ ನೀಲಿ ಮುಚ್ಚಳದಲ್ಲಿ ಬರುತ್ತಿದ್ದದ್ದು ಬಟ್ಟೆ ಬಿಳುಪು ಮಾಡುವ ಬ್ಲೀಚು. ಕ್ಯಾನಿನ ಮೈಮೇಲೆ ದಪ್ಪಕ್ಷರದಲ್ಲಿ ಬರೆದೇ ಇತ್ತು. ಬೇರೆ ದಿನವಾಗಿದ್ದರೆ ಮೂಗು ಹೇಳುತ್ತಿತ್ತು, ಅವತ್ತು ನೆಗಡಿಯಾಗಿ ಮೂಗು ಕಟ್ಟಿಕೊಂಡಿತ್ತು.

ಮಧ್ಯಾಹ್ನ ಮೂರರ ಹೊತ್ತಿಗೆ ಆಪರೇಷನ್ ಕೋಣೆಯ ಹಸಿರು ಬಟ್ಟೆಗಳು ಹುಳುಕು ಹಿಡಿದ ಎಲೆಗಳಂತೆ ಮಚ್ಚೆ ಮಚ್ಚೆಯಾಗಿ ಹೊರಬಂದವು. ಮಿಷನ್ನು ಯಾರದ್ದೋ ತಪ್ಪೂ ಅವರದ್ದೇ ಎಂಬುದು ಅಲ್ಲಿನ ನಿಯಮ. ಸೂಪರ್‌ವೈಸರ್ ಪಟಾಕಿಯ ಕೈಗೆ ಎಚ್ಚರಿಕೆ ಪತ್ರ ಕೊಟ್ಟ. ಆ ಹುಡುಗಿ ಒಂದು ಸಲ ದೊಡ್ಡಕ್ಕನ ಮುಖ ನೋಡಿದಳು. ತೊಟ್ಟಿ ತುಂಬಿಸಿದ್ದು ಯಾರು ಎಂದು ಅವಳಿಗೆ ಗೊತ್ತಿತ್ತು. ಆದರೂ ತುಟಿ ಪಿಟಕ್ಕೆನ್ನಲಿಲ್ಲ.

ಸಂಜೆ ಮನೆಯಲ್ಲಿ ನಡೆದದ್ದನ್ನು ಗಂಡನಿಗೆ ಹೇಳಿದಳು. ಅವನು ಎಲ್ಲ ಕೇಳಿಸಿಕೊಂಡ.

"ಮೂಗು ಕಟ್ಟಿತ್ತು, ವಾಸನೆ ಗೊತ್ತಾಗಲಿಲ್ಲ ಅಂತ ಹೇಳು. ಅದೇನು ಸುಳ್ಳಲ್ಲವಲ್ಲ."

"ಸುಳ್ಳಲ್ಲ. ಆದ್ರೆ ಅಷ್ಟೇ ಹೇಳಿ ಸುಮ್ಮನಾದ್ರೆ ಸುಳ್ಳಾಗುತ್ತೆ ರೀ. ಮುಂದಿನ ಸಲ ಮುಚ್ಚಳ ಬದಲಾದಾಗ ಏನು ಮಾಡ್ಲಿ?"

"ನಿನ್ನಿಷ್ಟ ಕಣೇ" ಎಂದ.

ಬೆಳಿಗ್ಗೆ ಅವಳು ಏಪ್ರನ್ನು ಕಟ್ಟಿಕೊಳ್ಳುವ ಮುಂಚೆಯೇ ಸೂಪರ್‌ವೈಸರನ ಗಾಜಿನ ಕೋಣೆಗೆ ಹೋದಳು. ನಿಂತೇ ಹೇಳಿದಳು.

"ಸಾರ್, ನಿನ್ನೆ ತೊಟ್ಟಿ ತುಂಬಿಸಿದ್ದು ನಾನು. ಆ ಹುಡುಗಿ ಅಲ್ಲ."

"ನೀವಾ? ನಿಮ್ಮ ಕೈಯಲ್ಲಿ ಅಂಥ ತಪ್ಪು ಹೇಗೆ ಆಗುತ್ತೆ ದೊಡ್ಡಕ್ಕ? ಕ್ಯಾನಿನ ಮೇಲೆ ಅಷ್ಟು ದೊಡ್ಡದಾಗಿ ಬರೆದಿದೆ."

"ನಂಗೆ ಓದೋಕೆ ಬರಲ್ಲ ಸಾರ್."

ಸೂಪರ್‌ವೈಸರ್ ಪೆನ್ನು ಕೆಳಗಿಟ್ಟ. ವಯಸ್ಸಿನಲ್ಲಿ ಅವನು ಅವಳಿಗಿಂತ ಚಿಕ್ಕವನು. ಅವನಿಗೆ ಈ ಕೆಲಸ ಕಲಿಸಿದವಳೇ ಅವಳು.

"ಕನ್ನಡಕ?"

"ಕನ್ನಡಕವೇ ಇಲ್ಲ ಸಾರ್. ಕಣ್ಣು ಚೆನ್ನಾಗೇ ಕಾಣುತ್ತೆ."

ಅವನು ಪಟಾಕಿಯನ್ನು ಕರೆಸಿ, ಪತ್ರ ವಾಪಸು ಇಸಿದುಕೊಂಡು ಹರಿದು ಹಾಕಿದ. "ಇವತ್ತಿಂದ ಕ್ಯಾನು ಮುಟ್ಟುವಾಗ ಇವಳು ನಿಮ್ಮ ಜೊತೆ ಇರಲಿ. ಮತ್ತೆ ಶುಕ್ರವಾರದಿಂದ ಊಟದ ಹಾಲಿನಲ್ಲಿ ಓದು ಬರಹದ ಕ್ಲಾಸು ಶುರು, ಕೆಲಸದ ಟೈಮಿನಲ್ಲೇ. ಬಾಗಿಲ ಹತ್ತಿರ ನೋಟಿಸು ಹಾಕಿ ಹದಿನೈದು ದಿನ ಆಯ್ತು, ನೋಡಿಲ್ವಾ?"

ಹೇಳಿದ ಮೇಲೆ ತಾನೇ ನಾಲಿಗೆ ಕಚ್ಚಿಕೊಂಡ. ಮೊದಲು ನಕ್ಕದ್ದು ದೊಡ್ಡಕ್ಕ. ಹಿಂದಿನ ದಿನದಿಂದ ಹಿಡಿದಿಟ್ಟ ಉಸಿರೆಲ್ಲ ಆ ನಗುವಿನಲ್ಲಿ ಹೊರಬಂತು.

ಕ್ಲಾಸಿಗೆ ಬಂದವರು ಹನ್ನೊಂದು ಜನ. ಕಸ ಗುಡಿಸುವವರು, ಟ್ರಾಲಿ ತಳ್ಳುವವರು, ಅಡುಗೆಮನೆಯವರು. ಅವರ ನಡುವೆ ದೊಡ್ಡಕ್ಕನನ್ನು ಕಂಡು ಟ್ರಾಲಿಯವನು, "ನೀವೇನು, ಪಾಠ ಮಾಡೋಕೆ ಬಂದ್ರಾ?" ಎಂದ. "ಇಲ್ಲಪ್ಪ, ನಿನ್ನ ಪಕ್ಕ ಕೂತು ಕಾಪಿ ಹೊಡೆಯೋಕೆ" ಎಂದಳು ಅವಳು. ಕಿವಿ ಮಾತ್ರ ಬಿಸಿಯಾಗಿತ್ತು.

ಪಾಠ ಹೇಳುವ ಮೇಡಂ ಅ ಆ ಇ ಈ ಪುಸ್ತಕ ತರಲಿಲ್ಲ. ರಜೆಯ ಅರ್ಜಿ, ಚೀಲಕ್ಕೆ ಕಟ್ಟುವ ಚೀಟಿ, ಖಾಲಿ ಕ್ಯಾನು ಇವನ್ನೇ ಮೇಜಿನ ಮೇಲೆ ಹರವಿದರು. "ದಿನಾ ನಿಮ್ಮ ಕೈಗೆ ಬರೋದನ್ನೇ ಮೊದಲು ಓದೋಣ" ಎಂದರು. ದೊಡ್ಡಕ್ಕ ಕಲಿತ ಮೊದಲ ಶಬ್ದ 'ಅಪಾಯ'. ಮೂರೇ ಅಕ್ಷರ. ಮರುದಿನ ಕೆಲಸಕ್ಕೆ ಬಂದು ನೋಡುತ್ತಾಳೆ, ಆ ಶಬ್ದ ಎಲ್ಲೆಲ್ಲೂ ಇದೆ. ಹಬೆಯ ಕೊಳವೆಯ ಮೇಲೆ, ಕರೆಂಟಿನ ಪೆಟ್ಟಿಗೆಯ ಮೇಲೆ, ಇಷ್ಟು ವರ್ಷ ಅವಳು ಊಟದ ಡಬ್ಬಿ ಬಿಸಿಯಾಗಲೆಂದು ಇಡುತ್ತಿದ್ದ ಕಟ್ಟೆಯ ಮೇಲೂ. ಅವಳಿಗೆ ಖುಷಿಯಾಗುವ ಬದಲು ಮೈ ಜುಮ್ಮೆಂದಿತು.

ಒತ್ತಕ್ಷರಗಳು ಅವಳನ್ನು ಬಹಳ ಸತಾಯಿಸಿದವು. "ಇದೇನು ಮೇಡಂ, ಒಂದು ಅಕ್ಷರದ ಕಾಲು ಹಿಡ್ಕೊಂಡು ಇನ್ನೊಂದು ನೇತಾಡ್ತಿದೆ?" ಎನ್ನುತ್ತಿದ್ದಳು. ನಾಲ್ಕು ಜನರ ಕೆಲಸ ಒಬ್ಬಳೇ ಮಾಡುವ ಹೆಂಗಸು ಪೆನ್ಸಿಲು ಹಿಡಿದರೆ ಬೆವರು ಸುರಿಸುತ್ತಿದ್ದಳು. ಎರಡು ಸಲ ಬಿಟ್ಟುಬಿಡುತ್ತೇನೆ ಎಂದಳು. ಮೊದಲ ಸಲ ಮೇಡಂ ಸಮಾಧಾನ ಹೇಳಿದರು. ಎರಡನೇ ಸಲ ಪಟಾಕಿ, "ಬಿಟ್ರೆ ಬಿಡಿ, ನನ್ನ ಹೊಸ ಎಚ್ಚರಿಕೆ ಪತ್ರಕ್ಕೆ ಈಗಲೇ ಸಹಿ ಹಾಕಿ ಇಟ್ಕೊಂಡಿರ್ತೀನಿ" ಎಂದಳು. ಅದು ನಾಟಿತು.

ಐದನೇ ತಿಂಗಳಲ್ಲಿ ಒಂದು ದಿನ ದೊಡ್ಡ ಮಿಷನ್ನು ತಿರುಗಿ ಮುಗಿಯಲೆಂದು ಕಾಯುತ್ತಾ ಅವಳು ಗೋಡೆಯ ಮೇಲಿನ ಬೋರ್ಡನ್ನು ಓದತೊಡಗಿದಳು. ವರ್ಷಗಟ್ಟಲೆ ಬೆನ್ನು ಆನಿಸಿ ನಿಂತ ಬೋರ್ಡು. ಬೆರಳಿಟ್ಟು ಒಂದೊಂದೇ ಅಕ್ಷರ ಕೂಡಿಸಿದಳು. 'ರಕ್ತದ ಕಲೆ ಇರುವ ಬಟ್ಟೆಗೆ ಮೊದಲು ಬಿಸಿನೀರು, ನಂತರ ತಣ್ಣೀರು.'

ಅವಳಿಗೆ ಗಲಿಬಿಲಿಯಾಯಿತು. ರಕ್ತದ ಕಲೆಗೆ ಮೊದಲು ಬಿಸಿನೀರು ತಾಗಿದರೆ ಕಲೆ ಬಟ್ಟೆಗೆ ಕಚ್ಚಿಕೊಳ್ಳುತ್ತದೆ, ಮತ್ತೆ ಜಪ್ಪಯ್ಯ ಅಂದರೂ ಬಿಡುವುದಿಲ್ಲ. ಅವಳು ಯಾವಾಗಲೂ ತಣ್ಣೀರಲ್ಲೇ ಮೊದಲು ಜಾಲಿಸುತ್ತಿದ್ದಳು. ಅವಳ ಕೈಕೆಳಗೆ ಕಲಿತವರೂ ಅಷ್ಟೆ. ಹಾಗಾದರೆ ಬೋರ್ಡು ತಪ್ಪೇ? ಅಥವಾ ತಾನು ಓದಿದ್ದು ತಪ್ಪೇ? ಬೋರ್ಡು ಬರೆಸಿದವರು ಓದಿದವರು. ತಾನು ಐದು ತಿಂಗಳ ವಿದ್ಯಾರ್ಥಿ. ಊಟಕ್ಕೆ ಮುಂಚೆ ಒಂದು ಸಲ, ಊಟದ ನಂತರ ಒಂದು ಸಲ, ಮನೆಗೆ ಹೊರಡುವಾಗ ಮತ್ತೊಂದು ಸಲ ಓದಿದಳು. ಪ್ರತಿ ಸಲವೂ ಬಿಸಿನೀರೇ ಮೊದಲು ಬಂತು. ಕೊನೆಗೆ ಇದ್ದ ಹಾಗೇ ನೋಟುಬುಕ್ಕಿನಲ್ಲಿ ಬರೆದುಕೊಂಡು ಕ್ಲಾಸಿಗೆ ಒಯ್ದಳು.

ಮೇಡಂ ಓದಿದರು. "ನೀವು ಓದಿದ್ದು ಸರಿಯಾಗೇ ಇದೆ."

"ಹಾಗಾದ್ರೆ ಬೋರ್ಡು?"

"ಅದು ನಂಗೆ ಹೇಗೆ ಗೊತ್ತಾಗಬೇಕು? ಅಕ್ಷರ ನಾನು ಹೇಳ್ತೀನಿ. ಬಟ್ಟೆ ವಿಷಯ ನೀವು ಹೇಳಬೇಕು."

ಆ ಮಾತು ಅವಳ ಜೊತೆ ಬಹಳ ದೂರ ನಡೆದು ಬಂತು. ಬರೆದದ್ದೆಲ್ಲ ನಿಜ, ಬರೆಯಲು ಬಲ್ಲವರೆಲ್ಲ ತಿಳಿದವರು ಎಂದು ಅವಳು ಇಷ್ಟು ವರ್ಷ ನಂಬಿದ್ದಳು. ಆ ಭಯದಲ್ಲೇ ಅಲ್ಲವೇ ತಲೆ ತಗ್ಗಿಸಿದ್ದು? ಬೋರ್ಡು ಬರೆಸಿದ ಪುಣ್ಯಾತ್ಮ ಒಂದು ದಿನವೂ ರಕ್ತದ ಬಟ್ಟೆ ಒಗೆದವನಲ್ಲ ಎಂಬುದು ಈಗ ಅವಳಿಗೆ ಹೊಳೆಯಿತು.

ಇನ್ನೊಂದೂ ಅರ್ಥವಾಯಿತು. ಎರಡು ವರ್ಷದಿಂದ ಹೊಸಬರನ್ನು ಹಳಬರ ಜೊತೆ ನಿಲ್ಲಿಸುವ ಪದ್ಧತಿ ಕೈಬಿಟ್ಟಿದ್ದರು. ಬೋರ್ಡು ನೋಡಿ ಕೆಲಸ ಮಾಡಿ ಎನ್ನುತ್ತಿದ್ದರು. ಅವತ್ತಿನಿಂದಲೇ ಕಂದು ಕಲೆಯ ಬೆಡ್‌ಶೀಟುಗಳು ರಾಶಿ ಬೀಳುತ್ತಿದ್ದವು. ಪುಡಿ ಸರಿಯಿಲ್ಲ ಎಂದು ಎರಡು ಸಲ ಪುಡಿ ಬದಲಾಯಿಸಿದ್ದೂ ಆಗಿತ್ತು. ಓದು ಬರುವ ಹುಡುಗಿಯರು ಓದಿದಂತೆ ಮಾಡಿ ಬಟ್ಟೆ ಕೆಡಿಸುತ್ತಿದ್ದರು. ಓದು ಬಾರದ ಅವಳ ಬಟ್ಟೆಗಳು ಮಲ್ಲಿಗೆಯಂತೆ ಬರುತ್ತಿದ್ದವು.

ಅವಳು ಹೋಗಿ ಬೋರ್ಡು ತಪ್ಪು ಎಂದು ಹೇಳಿದಾಗ ಸೂಪರ್‌ವೈಸರ್ ಹುಬ್ಬು ಗಂಟಿಕ್ಕಿದ. "ಬೋರ್ಡು ಮೇಲಿನವರು ಕಳಿಸಿದ್ದು ದೊಡ್ಡಕ್ಕ. ನೀವು ಈಗಷ್ಟೇ ಓದೋಕೆ ಕಲ್ತಿದ್ದೀರಿ, ಇನ್ನೊಂದು ಸಲ ನೋಡಿ."

"ನಾಲ್ಕು ಸಲ ನೋಡಿದ್ದೀನಿ ಸಾರ್. ಎರಡು ಬೆಡ್‌ಶೀಟು ಕೊಡಿ. ಒಂದು ಬೋರ್ಡಿನ ಪ್ರಕಾರ, ಒಂದು ನನ್ನ ಪ್ರಕಾರ."

ಒಗೆದು ಎರಡನ್ನೂ ಮೇಜಿನ ಮೇಲೆ ಪಕ್ಕಪಕ್ಕ ಹಾಸಿದಾಗ ಬೋರ್ಡಿನ ಪ್ರಕಾರ ಒಗೆದದ್ದರಲ್ಲಿ ಮಾತ್ರ ಕಂದು ಕಲೆ ಉಳಿದಿತ್ತು. ಸೂಪರ್‌ವೈಸರ್ ಕಲೆಯ ಮೇಲೆ ಬೆರಳಾಡಿಸಿ, "ನಾನೂ ನಿಮ್ಮ ಹತ್ರ ಕಲಿತವನೇ. ಆದ್ರೂ ಈ ಬೋರ್ಡನ್ನ ಒಂದು ದಿನ ಓದಲಿಲ್ಲ ನೋಡಿ" ಎಂದ.

ಹೊಸ ಬೋರ್ಡು ಬರುವವರೆಗೆ ಒಂದು ರಟ್ಟಿನ ಮೇಲೆ ಬರೆದು ನೇತುಹಾಕಿ ಎಂದು ಅವಳಿಗೇ ಹೇಳಿದರು. ಅವಳು ಒಂದು ಗಂಟೆ ಕೂತು ಬರೆದಳು. ಪಟಾಕಿ ಬಗ್ಗಿ ನೋಡಿ ಮೆಲ್ಲಗೆ, "ದೊಡ್ಡಕ್ಕ, ತಣ್ಣೀರಿಗೆ ಒತ್ತು ಬಿಟ್ಟಿದ್ದೀರಿ" ಎಂದಳು. ದೊಡ್ಡಕ್ಕ ನಾಲಿಗೆ ಹೊರಚಾಚಿ, ಸೂಜಿಗೆ ದಾರ ಪೋಣಿಸುವವಳಂತೆ ಆ ಒತ್ತನ್ನು ಕೆಳಗೆ ತೂರಿಸಿದಳು.

ಮುಂದಿನ ತಿಂಗಳು ಮುಖ್ಯಸ್ಥೆಯ ಕೆಲಸಕ್ಕೆ ಮತ್ತೆ ಕರೆ ಬಂತು. "ಮೊಣಕಾಲು ಈಗ ಹೇಗಿದೆ?" ಎಂದು ಸೂಪರ್‌ವೈಸರ್ ಕೇಳಿದ. "ನಿಜವಾಗ್ಲೂ ಈಗ ನೋಯ್ತಿದೆ ಸಾರ್. ಇರಲಿ, ಮಾಡ್ತೀನಿ" ಎಂದಳು. ಹೊಸಬರು ಮೊದಲ ಎರಡು ವಾರ ಹಳಬರ ಜೊತೆಗೇ ನಿಲ್ಲಬೇಕು ಎಂಬ ಷರತ್ತು ಹಾಕಿದಳು. ಅದಕ್ಕೆ ಒಪ್ಪಿದರು. ಅವಳ ದಿನವಹಿ ವರದಿಯಲ್ಲಿ ತಪ್ಪುಗಳು ಈಗಲೂ ಇರುತ್ತವೆ, ಆದರೆ ಓದಿದವರಿಗೆ ಅರ್ಥವಾಗದ ಸಾಲು ಒಂದೂ ಇರುವುದಿಲ್ಲ.

ಮನೆಯಲ್ಲಿ ಮಾತ್ರ ಬೇರೊಂದು ನಡೆಯಿತು. ಬೆಳಗಿನ ಚಹಾದ ಹೊತ್ತಿಗೆ ಗಂಡ ದಿನಪತ್ರಿಕೆಯನ್ನು ಅವಳಿಗೆ ಗಟ್ಟಿಯಾಗಿ ಓದಿ ಹೇಳುವುದು ಮದುವೆಯಾದಾಗಿನಿಂದ ರೂಢಿ. ಒಂದು ಭಾನುವಾರ ಅವನು ಓದಿ ಮುಗಿಸಿ ಅಂಗಳಕ್ಕೆ ಹೋದ ಮೇಲೆ ಅವಳು ಪತ್ರಿಕೆ ಎತ್ತಿಕೊಂಡಳು. ಮೊದಲ ಪುಟದಲ್ಲೇ ಒಂದು ಬಸ್ಸಿನ ಅಪಘಾತ, ಕೆಳಗೆ ಒಂದು ಬೆಂಕಿ ಅನಾಹುತ. ಇದ್ಯಾವುದನ್ನೂ ಅವನು ಓದಿರಲಿಲ್ಲ.

"ಇದನ್ನ ಯಾಕ್ರೀ ಬಿಟ್ರಿ?"

ಅವನು ಸಿಕ್ಕಿಬಿದ್ದವನಂತೆ ತಲೆ ಕೆರೆದುಕೊಂಡ. "ಬೆಳಿಗ್ಗೆ ಬೆಳಿಗ್ಗೆ ಅದೆಲ್ಲ ಯಾಕೆ ಅಂತ. ನೀನು ದಿನವಿಡೀ ರಕ್ತದ ಬಟ್ಟೆ ನೋಡೋಳು."

"ಯಾವತ್ತಿಂದ ಬಿಡ್ತಿದ್ದೀರಿ?"

"ಮೊದಲಿಂದಾನೂ."

ಅವಳಿಗೆ ಸಿಟ್ಟು ಬಂತು. ಸಿಟ್ಟಿನ ಹಿಂದೆಯೇ ಮತ್ತೇನೋ ಬಂದು ಕಣ್ಣು ಮಂಜಾಯಿತು. ಇಷ್ಟು ವರ್ಷ ತನ್ನ ಲೋಕದಲ್ಲಿ ಬಸ್ಸುಗಳು ಉರುಳಿರಲಿಲ್ಲ, ಮನೆಗಳು ಸುಟ್ಟಿರಲಿಲ್ಲ. ಅದು ಅವನು ಆರಿಸಿ ಕೊಟ್ಟ ಲೋಕವಾಗಿತ್ತು. ಪತ್ರಿಕೆಯನ್ನು ಮಡಚಿ ಅವನ ಕೈಗೆ ಕೊಟ್ಟಳು.

"ಕೂತ್ಕೊಳ್ಳಿ. ಮೊದಲಿಂದ ಓದಿ, ಏನೂ ಬಿಡಬೇಡಿ. ನಾನು ಪಕ್ಕದಲ್ಲಿ ಕೂತು ನೋಡ್ತಾ ಇರ್ತೀನಿ."

ಅವನು ಗಂಟಲು ಸರಿಮಾಡಿಕೊಂಡು ಬಸ್ಸಿನ ಸುದ್ದಿಯಿಂದ ಶುರುಮಾಡಿದ.