ಸೋತ ಯುದ್ಧದ ಪುಸ್ತಕ

ಮೊನ್ನೆ ನ್ಯಾಮತಿಯಲ್ಲಿ ಸೈನ್ಯದ ಭರ್ತಿಗೆ ಹುಡುಗರನ್ನು ತಯಾರು ಮಾಡುವ ಕೋಚಿಂಗ್ ಸೆಂಟರಿನವರು, ಕಾಲೇಜಿನಲ್ಲಿ ಇತಿಹಾಸ ಪಾಠ ಮಾಡುವ ನನ್ನನ್ನು ಕರೆದಿದ್ದರು. ಹುಡುಗರು ಓದಲೇಬೇಕಾದ ಯುದ್ಧದ ಪುಸ್ತಕಗಳನ್ನು ಆರಿಸಿಕೊಡಬೇಕಿತ್ತು. ಯಾರೋ ದಾನ ಕೊಟ್ಟ ಪೆಟ್ಟಿಗೆ ತೆರೆದರೆ ಗಪ್ಪೆಂದು ನುಸಿಗುಳಿಗೆಯ ವಾಸನೆ. ನಮ್ಮ ಹೈಸ್ಕೂಲಿನ ಹಿಸ್ಟರಿ ಮೇಡಂ ಕೊಡುತ್ತಿದ್ದ ಪುಸ್ತಕಗಳೆಲ್ಲ ಹೀಗೇ ನಾರುತ್ತಿದ್ದವು...

ಸಂತೇಬೆನ್ನೂರಿನ ಹತ್ತಿರದ ನಮ್ಮೂರಲ್ಲಿ ನಾನು ಹೈಸ್ಕೂಲು ಓದುತ್ತಿದ್ದೆ. ಮೇಡಂ ಅವರ ಗಂಡ ಮಿಲಿಟರಿಯಲ್ಲಿದ್ದವರು, ಗಡಿಯಿಂದ ವಾಪಸು ಬರಲಿಲ್ಲ. ಬಂದದ್ದು ಅವರ ಕಪ್ಪು ಟ್ರಂಕು. ಅದರ ತುಂಬ ಮೇಡಂ ಪುಸ್ತಕ ತುಂಬಿದ್ದರು. ಕಥೆಯಲ್ಲ, ಕಾದಂಬರಿಯಲ್ಲ, ನಮ್ಮ ಕಾಲದ ಯುದ್ಧಗಳಲ್ಲಿ ಯಾರು ಏನು ಹುಕುಂ ಕೊಟ್ಟರು, ಅದರಿಂದ ಏನಾಯಿತು ಎಂದು ಇದ್ದದ್ದನ್ನು ಇದ್ದಹಾಗೆ ಬರೆದವು. ಕೇಳಿದವರಿಗೆಲ್ಲ ಮೊದಲು ಕೊಡುತ್ತಿದ್ದುದು ಸೋತ ಸೇನಾಪತಿಯೊಬ್ಬ ತನ್ನ ತಪ್ಪುಗಳನ್ನು ತಾನೇ ಬರೆದುಕೊಂಡ ಪುಸ್ತಕ. "ಗೆದ್ದೋರು ಬರೆದಿದ್ದು ಆಮೇಲೆ ಓದಾಕೆ ಬರ್ತೈತೆ. ಮೊದ್ಲು ಇದನ್ನ ಓದು" ಎನ್ನುತ್ತಿದ್ದರು.

ಅದನ್ನು ಮನೆಗೆ ತಂದರೆ ಅವ್ವ ಬಾಗಿಲಲ್ಲೇ ತಡೆದಳು. ಮಹಾಭಾರತವನ್ನು ಮನೆಯೊಳಗೆ ಓದಿದರೆ ಅಣ್ಣತಮ್ಮಂದಿರು ಬೇರೆಯಾಗುತ್ತಾರೆ ಎಂಬ ನಂಬಿಕೆ ನಮ್ಮಲ್ಲಿದೆಯಲ್ಲ, ಅವ್ವನ ಲೆಕ್ಕದಲ್ಲಿ ಯಾವ ಯುದ್ಧವಾದರೂ ಯುದ್ಧವೇ. "ಹೊಸ್ತಿಲು ದಾಟಿಸಬ್ಯಾಡ. ಓದೋದಾದ್ರೆ ಹೊರ್ಗೆ ಕಟ್ಟೆ ಮ್ಯಾಲೆ ಕುಂತು ಓದ್ಕೋ" ಎಂದಳು. ಮೇಡಂಗೆ ಹೇಳಿದರೆ ಜೋರಾಗಿ ನಕ್ಕರು. "ಹಂಗಾದ್ರೆ ಗಟ್ಟಿಯಾಗಿ ಓದು!"

ಓದಿದೆ. ಎದುರು ಮನೆಯ ಟೈಲರ್ ಚಾಚಾ ಮಿಷನ್ ನಿಲ್ಲಿಸಿ ಕಿವಿಗೊಟ್ಟರು. ಕೊಡ ಹೊತ್ತು ಹೋಗುವವರೂ ನಿಂತರು. ಯುದ್ಧ ಮನೆಯೊಳಗೆ ಬರಬಾರದೆಂದು ಅವ್ವ ಹೊರಗೆ ಕೂರಿಸಿದ್ದಕ್ಕೆ ಅದು ಓಣಿಗೆಲ್ಲ ಹಬ್ಬಿತು! ಸಂಜೆಯಾದರೆ ಚಾಚಾ, "ಏನವ್ವಾ, ಹಿಂದಕ್ಕೆ ಬರಾಕೆ ಆ ಸಾಹೇಬ ಹುಕುಂ ಕೊಟ್ನೋ ಇಲ್ಲೋ?" ಎಂದು ಕೇಳುತ್ತಿದ್ದರು. ಕೊಡಲಿಲ್ಲ, ಹುಡುಗರೆಲ್ಲ ಸತ್ತರು ಎಂದು ಓದಿದ ದಿನ, ಕೂರಬಾರದೆಂಬುದನ್ನೂ ಮರೆತು ಅವ್ವ ಹೊಸ್ತಿಲ ಮೇಲೇ ಕೂತಿದ್ದಳು.

ಸುದ್ದಿ ಶಾಲೆಗೆ ಮುಟ್ಟಿತು. ಹೆಡ್‌ಮಾಸ್ಟರು ನನ್ನೆದುರೇ ಮೇಡಂಗೆ ಹೇಳಿದರು: "ಗೆದ್ದಿದ್ದು ಮಾತ್ರ ಓದಿಸ್ರಿ ಮೇಡಂ. ಸೋತಿದ್ದು ಓದಿದ್ರೆ ನಮ್ಮ ಹುಡುಗ್ರು ಮಿಲ್ಟ್ರಿಗೆ ಹೋಗಾಕೆ ಹೆದರ್ತಾರೆ. ಇಲ್ಲಾಂದ್ರೆ ನಾನು ಮೇಲಿನೋರಿಗೆ ಬರೀಬೇಕಾಗ್ತೈತೆ."

"ಬರೀರಿ ಸಾರ್" ಎಂದರು ಮೇಡಂ. "ದಂಡಿಗೆ ಹೆದರಲಿಲ್ಲ, ದಾಳಿಗೆ ಹೆದರಲಿಲ್ಲ, ದಾಸಯ್ಯನ ಜಾಗಟೆಗೆ ಹೆದರ್ತೀನಾ? ನಮ್ಮನೆಯೋರು ಹೆದರಿ ಸಾಯ್ಲಿಲ್ಲ. ತಪ್ಪು ಅಂತ ಗೊತ್ತಿದ್ರೂ ಮೇಲಿನವನು ಹುಕುಂ ಬದಲಿಸ್ಲಿಲ್ಲ, ಅದಕ್ಕೆ ಸತ್ರು. ಅದನ್ನ ಓದಬ್ಯಾಡ್ರಿ ಅನ್ನಾಕೆ ನೀವ್ಯಾರು?"

ಹೆಡ್‌ಮಾಸ್ಟರು ಬರೆದೇಬಿಟ್ಟರು. ವರ್ಷದ ನಡುವೆಯೇ ಮೇಡಂಗೆ ಜಗಳೂರಿನ ಕಡೆಗೆ ವರ್ಗವಾಯಿತು. ಟ್ರಂಕನ್ನು ಬಸ್ಸಿನ ಟಾಪಿಗೆ ಏರಿಸಿದವರು ಚಾಚಾ. ರೊಟ್ಟಿ ಬುತ್ತಿ ಕಟ್ಟಿಕೊಟ್ಟವಳು ನಮ್ಮವ್ವ. ಮೇಡಂ ಅಳಲಿಲ್ಲ, ನಾನು ಅತ್ತೆ. ಹೋದ ವರ್ಷ ಅವರು ತೀರಿಕೊಂಡರಂತೆ. ನನಗೆ ತಿಳಿದದ್ದು ಎಷ್ಟೋ ದಿನಗಳ ಮೇಲೆ...

ಮೊನ್ನೆ ಕೋಚಿಂಗ್ ಸೆಂಟರಿನ ಯಜಮಾನರೂ ನಾನು ಆರಿಸಿದವುಗಳಲ್ಲಿ ಆ ಸೋತ ಸೇನಾಪತಿಯ ಪುಸ್ತಕವನ್ನೇ ಬದಿಗೆ ಸರಿಸಿದರು. "ಇದು ಬ್ಯಾಡ ಬಿಡ್ರಿ ಮೇಡಂ, ಹುಡುಗ್ರ ಜೋಶ್ ಇಳಿತೈತೆ."

"ಈ ಹುಡುಗ್ರಲ್ಲಿ ಒಬ್ಬ ನಾಳೆ ಹುಕುಂ ಕೊಡೋ ಜಾಗದಲ್ಲಿ ಕೂರ್ತಾನೆ, ಅವನು ಇದನ್ನ ಓದಿರಬೇಕು. ಇದನ್ನ ತೆಗೆದ್ರೆ ನನ್ನ ಹೆಸರು ಹೇಳಿ ಒಂದೂ ಓದಿಸಬ್ಯಾಡ್ರಿ" ಎಂದೆ. ಆ ಪುಸ್ತಕವನ್ನು ನಾನೇ ಎತ್ತಿ ಎಲ್ಲಕ್ಕಿಂತ ಮೇಲಿಟ್ಟು ಬಂದೆ.

ಹೊರಗೆ ಬಂದಾಗ, ಇದನ್ನು ಹೇಳಿಕೊಳ್ಳಲು ಮೇಡಂ ಇಲ್ಲವಲ್ಲ ಎಂದು ಬಹಳ ಸಂಕಟವಾಯಿತು. ಅವರಿಲ್ಲ, ನಿಜ. ಅವರ ಸಿಟ್ಟು ಮಾತ್ರ ನನ್ನ ಪಾಲಿಗೆ ಬಂದಿದೆ. ಅದನ್ನು ಯಾರು ಹೇಳಿದರೂ ನಾನು ಬಿಟ್ಟುಕೊಡುವವಳಲ್ಲ.